ಹವಳದ ದಿಬ್ಬದಲ್ಲಿ ಸ್ಕೂಬಾ ಡೈವಿಂಗ್: ಆರೋಗ್ಯದ ಫಾರಂನಿಂದ ಲಾಗ್‌ಬುಕ್‌ವರೆಗೆ

ಹವಳದ ದಿಬ್ಬವನ್ನು ನೀರಿಗಿಳಿದು ನೋಡಬೇಕು ಅನ್ನುವವರು ಮೊದಲು ಕೇಳುವುದು ಒಂದೇ: ‘ಈಜು ಚೆನ್ನಾಗಿ ಬರಬೇಕಾ?’ ಸ್ವಲ್ಪ ಬರಬೇಕು. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಲ್ಲಿ ಈಜಿಗಿಂತ ದೊಡ್ಡ ಕೆಲಸ ಉಸಿರಾಟದ್ದು. ನಿಧಾನವಾಗಿ ಉಸಿರಾಡುತ್ತಾ, ಮೇಲೂ ಹೋಗದೆ ಕೆಳಗೂ ಇಳಿಯದೆ, ನೀರಿನ ನಡುವೆ ಇದ್ದಲ್ಲೇ ತೇಲಿಕೊಂಡಿರಲು ಬರಬೇಕು. ಅದು ಬಂದರೆ ಗಾಳಿ ಉಳಿಯುತ್ತದೆ, ಗಾಬರಿ ಕಡಿಮೆಯಾಗುತ್ತದೆ, ಹವಳ ಮುರಿಯುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಆ ಭಾಗವನ್ನೇ ಜಾಸ್ತಿ ವಿವರವಾಗಿ ಬರೆದಿದ್ದೇನೆ.

ಇದನ್ನು ಓದಿದ ಮಾತ್ರಕ್ಕೆ ಡೈವಿಂಗ್ ಬರುವುದಿಲ್ಲ. ಅದನ್ನು ಕಲಿಸುವವರ ಜೊತೆ ನೀರಿನಲ್ಲೇ ಕಲಿಯಬೇಕು. ಓದಿಕೊಂಡು ಹೋದರೆ ಅವರು ಹೇಳುವ ಪ್ರತಿಯೊಂದು ಮಾತಿನ ಹಿಂದಿನ ಕಾರಣ ನಿಮಗೆ ಮೊದಲೇ ಗೊತ್ತಿರುತ್ತದೆ, ಅಷ್ಟೇ.

ಮೊದಲು ಆರೋಗ್ಯ

ಒಳ್ಳೆಯ ಡೈವ್ ಸೆಂಟರ್‌ಗೆ ಹೋದರೆ ಮೊದಲು ಕೈಗೆ ಬರುವುದು ಆರೋಗ್ಯದ ಫಾರಂ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಕಿವಿಯ ಆಪರೇಷನ್, ಹಿಂದೆ ಯಾವಾಗಲಾದರೂ ಶ್ವಾಸಕೋಶ ಕುಸಿದದ್ದು, ಎಲ್ಲದರ ಬಗ್ಗೆಯೂ ಅದರಲ್ಲಿ ಕೇಳಿರುತ್ತಾರೆ. ಸುಮ್ನೆ ಎಲ್ಲದಕ್ಕೂ ‘ಇಲ್ಲ’ ಅಂತ ಗೀಚಿ ಕೊಡಬೇಡಿ. ‘ಹೌದು’ ಅಂದ ಕೂಡಲೇ ಅವಕಾಶ ತಪ್ಪಿಹೋಗುವುದಿಲ್ಲ. ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ ಬಹಳ ಜನ ಇಳಿಯಬಹುದು. ಗರ್ಭಿಣಿಯರು ಮಾತ್ರ ಮಗು ಹುಟ್ಟುವವರೆಗೆ ಕಾಯಲೇಬೇಕು.

ನೆಗಡಿ ಇದ್ದ ದಿನ ಇಳಿಯಬೇಡಿ. ಮೂಗು ತೆರೆಯುವ ಮಾತ್ರೆ ನುಂಗಿ ಇಳಿಯುವ ಯೋಚನೆಯೂ ಬೇಡ. ನೀರಿನಡಿ ಇರುವಾಗಲೇ ಅದರ ಪ್ರಭಾವ ಇಳಿದರೆ ಕಿವಿಯೊಳಗಿನ ಗಾಳಿ ಹೊರಗೆ ಬರಲಾಗದೆ ಸಿಕ್ಕಿಕೊಳ್ಳುತ್ತದೆ. ಆಗ ಮೇಲೆ ಬರುವುದೇ ದೊಡ್ಡ ಸಂಕಟ.

ಯಾವ ತರಬೇತಿ?

ಎರಡು ದಾರಿಗಳಿವೆ. ಒಂದು, ಅರ್ಧ ದಿನದಲ್ಲಿ ಮುಗಿಯುವ ಪರಿಚಯ ಡೈವ್. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಕರೆದುಕೊಂಡು ಹೋಗುವುದಿಲ್ಲ. ಇನ್ನೊಂದು, ಓಪನ್ ವಾಟರ್ ಕೋರ್ಸ್. ಪಾಠ, ಈಜುಕೊಳದಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಪ್ಯಾಡಿ ಅನ್ನುವ ಡೈವಿಂಗ್ ತರಬೇತಿ ಸಂಸ್ಥೆಯ ಕೋರ್ಸಿನಲ್ಲಿ 200 ಮೀಟರ್ ಈಜಿ ತೋರಿಸಬೇಕು, 10 ನಿಮಿಷ ನೀರಿನ ಮೇಲೆ ತೇಲಬೇಕು. ವೇಗ ಯಾರೂ ಕೇಳುವುದಿಲ್ಲ. 10 ವರ್ಷ ತುಂಬಿದ ಮಕ್ಕಳೂ ಸೇರಬಹುದು. ಮುಗಿಸಿದ ದೊಡ್ಡವರಿಗೆ 18 ಮೀಟರ್‌ವರೆಗೆ ಇಳಿಯುವ ಕಾರ್ಡ್ ಸಿಗುತ್ತದೆ. ಮುಂದಿನ ಹಂತದ್ದು 30 ಮೀಟರ್. ಹವ್ಯಾಸಿಗಳಿಗೆ 40 ಮೀಟರ್ ಕೊನೆಯ ಗಡಿ.

ನನ್ನನ್ನು ಕೇಳಿದರೆ ಹವಳ ನೋಡಲು 18 ಮೀಟರ್ ಧಾರಾಳ. ಹವಳಕ್ಕೆ ಬಿಸಿಲು ಬೇಕು, ಹಾಗಾಗಿ ಅದು ದಟ್ಟವಾಗಿ ಬೆಳೆಯುವುದು ನೀರು ತಿಳಿಯಾಗಿರುವ, ಆಳ ಕಡಿಮೆ ಇರುವ ಕಡೆ. ಬಣ್ಣ ಕಾಣುವುದೂ ಅಲ್ಲೇ. ಆಳಕ್ಕೆ ಹೋದಷ್ಟೂ ಕೆಂಪು ಮೊದಲು ಮಾಯವಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ. 20 ಮೀಟರ್‌ನಲ್ಲಿ ಎಲ್ಲವೂ ನೀಲಿ, ಬೂದು. ಟಾರ್ಚ್ ಹಾಕಿದರೆ ಮಾತ್ರ ಅಸಲಿ ಬಣ್ಣ ತಿರುಗಿ ಕಾಣುತ್ತದೆ. ‘ಎಷ್ಟು ಆಳಕ್ಕೆ ಹೋಗಿದ್ದಿರಿ?’ ಅಂತ ಕೇಳುವವರ ಮಾತಿಗೆ ಬೆಲೆ ಕೊಡಬೇಡಿ.

ಸೆಂಟರ್ ಆರಿಸುವಾಗ ನಾಲ್ಕು ವಿಷಯ ನೋಡಿ. ಫಾರಂ ಮತ್ತು ಕಾರ್ಡ್ ಕೇಳುತ್ತಾರಾ? ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯಾ? ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕನೆಯದು, ದೋಣಿ ನಿಲ್ಲಿಸುವ ರೀತಿ. ಹವಳದ ಮೇಲೆ ಲಂಗರು ಎಸೆಯುವವರ ಜೊತೆ ಹೋಗಬೇಡಿ. ನೆಲಕ್ಕೆ ಕಾಯಂ ಆಗಿ ಬಿಗಿದು ಮೇಲೆ ತೇಲಿಬಿಟ್ಟ ಹಗ್ಗಕ್ಕೆ ದೋಣಿ ಕಟ್ಟುವವರನ್ನು ಹುಡುಕಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಜೊತೆಗೂಡಿ ನಡೆಯುವ ‘ಗ್ರೀನ್ ಫಿನ್ಸ್’ ಅನ್ನುವ ವ್ಯವಸ್ಥೆ ಇದೆ. ಹವಳಕ್ಕೆ ಹಾನಿಯಾಗದಂತೆ ಕೆಲಸ ಮಾಡುವ ಸೆಂಟರ್‌ಗಳು ಅದರ ಸದಸ್ಯರಾಗಿರುತ್ತವೆ. ಹೋಗುವ ಊರಿನಲ್ಲಿ ಅಂಥದ್ದು ಇದೆಯಾ ಅಂತ ವಿಚಾರಿಸಿ.

ಒತ್ತಡದ ಲೆಕ್ಕ

ಇಷ್ಟು ಲೆಕ್ಕ ಅರ್ಥವಾದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸಮುದ್ರದ ಮಟ್ಟದಲ್ಲಿ ನಮ್ಮ ಮೇಲೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಇನ್ನೊಂದು ಬಾರ್ ಸೇರುತ್ತದೆ. ಅಂದರೆ 10 ಮೀಟರ್‌ನಲ್ಲಿ 2 ಬಾರ್, 20 ಮೀಟರ್‌ನಲ್ಲಿ 3. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಗಮನಿಸಿ: ಮೇಲಿನ ಮೊದಲ 10 ಮೀಟರ್‌ನಲ್ಲೇ ಗಾತ್ರ ಅರ್ಧವಾಗಿಬಿಡುತ್ತದೆ. ಹಾಗಾಗಿ ಬದಲಾವಣೆ ಅತಿ ಜಾಸ್ತಿ ಇರುವುದು ಆಳದಲ್ಲಲ್ಲ, ಮೇಲ್ಮೈ ಹತ್ತಿರ.

ಇದರಿಂದ ಮೂರು ವಿಷಯ ಹುಟ್ಟುತ್ತವೆ. ಇಳಿಯುವಾಗ ಕಿವಿಯೊಳಗಿನ ಗಾಳಿ ಕುಗ್ಗುತ್ತದೆ, ನಾವು ಗಾಳಿ ತುಂಬಿ ಸರಿದೂಗಿಸಬೇಕು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಆಗ ಉಸಿರು ಕಟ್ಟಿದರೆ ಒಂದೆರಡು ಮೀಟರ್ ಏರಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಅದಕ್ಕೇ ಡೈವಿಂಗ್‌ನ ಮೊದಲ ನಿಯಮ: ಉಸಿರು ಯಾವತ್ತೂ ಹಿಡಿಯಬಾರದು. ಮೂರನೆಯದು ಸಾರಜನಕ. ಸಿಲಿಂಡರ್‌ನಲ್ಲಿರುವುದು ಬರೀ ಆಮ್ಲಜನಕ ಅಂತ ಬಹಳ ಜನ ತಿಳಿದಿರುತ್ತಾರೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ: ಸುಮಾರು ಶೇ 21 ಆಮ್ಲಜನಕ, ಉಳಿದದ್ದು ಹೆಚ್ಚೂಕಡಿಮೆ ಎಲ್ಲ ಸಾರಜನಕ. ಆಳದ ಒತ್ತಡದಲ್ಲಿ ಈ ಸಾರಜನಕ ರಕ್ತ, ಮಾಂಸಗಳಲ್ಲಿ ಕರಗುತ್ತಾ ಹೋಗುತ್ತದೆ. ಬೇಗ ಮೇಲೆ ಬಂದರೆ ಅದು ದೇಹದೊಳಗೇ ಗುಳ್ಳೆ ಕಟ್ಟುತ್ತದೆ. ಅದೇ ಡಿಕಂಪ್ರೆಷನ್ ಕಾಯಿಲೆ. ಆಳ ಹೆಚ್ಚಿದಷ್ಟೂ ಕೆಳಗಿರಬಹುದಾದ ಹೊತ್ತು ಕಡಿಮೆ. ಪ್ಯಾಡಿಯ ಕೋಷ್ಟಕದಲ್ಲಿ ಮೊದಲ ಡೈವ್‌ಗೆ 18 ಮೀಟರ್‌ನಲ್ಲಿ 56 ನಿಮಿಷ ಇದ್ದರೆ, 30 ಮೀಟರ್‌ನಲ್ಲಿ ಬರೀ 20 ನಿಮಿಷ. ಇದು ಗರಿಷ್ಠ ಮಿತಿ. ಅದನ್ನು ಮುಟ್ಟುವವರೆಗೆ ಕೆಳಗೇ ಇರಬೇಕು ಅಂತೇನಿಲ್ಲ.

ಸಲಕರಣೆ

ಮೊದಲು ಸ್ವಂತಕ್ಕೆ ಕೊಳ್ಳಬೇಕಾದ ವಸ್ತು ಮಾಸ್ಕ್. ಉಳಿದದ್ದನ್ನು ಬಾಡಿಗೆಗೆ ಪಡೆಯಬಹುದು, ಆದರೆ ಒಬ್ಬೊಬ್ಬರ ಮುಖ ಒಂದೊಂದು ಥರ ಅಲ್ವಾ? ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಗಾಳಿ ಎಳೆದುಕೊಂಡು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಮಾಸ್ಕ್. ಹೊಸ ಮಾಸ್ಕಿನ ಗಾಜಿನ ಮೇಲೆ ತೆಳುವಾದ ಜಿಡ್ಡು ಇರುತ್ತದೆ. ಅದನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೆಗೆಯದಿದ್ದರೆ ಎಷ್ಟು ತೊಳೆದರೂ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಡೈವ್‌ಗೂ ಮುಂಚೆ ಒಳಗೆ ಸ್ವಲ್ಪ ಉಗುಳು ಸವರಿ ನೀರಾಡಿಸಿದರೆ ಸಾಕು. ಗಡ್ಡ, ಮೀಸೆ, ಕೂದಲು ಅಂಚಿಗೆ ಸಿಕ್ಕರೆ ನೀರು ನುಗ್ಗುತ್ತದೆ.

ಬೆನ್ನಿನ ಸಿಲಿಂಡರ್ ಸಾಮಾನ್ಯವಾಗಿ ಅಲ್ಯೂಮಿನಿಯಂದು, 11 ಲೀಟರ್ ಗಾತ್ರ, 200 ಬಾರ್ ಗಾಳಿ. ಅದನ್ನು ಹೊತ್ತಿರುವ ಜಾಕೆಟ್ ಬಿಸಿಡಿ. ಗುಂಡಿ ಒತ್ತಿದರೆ ಅದಕ್ಕೆ ಗಾಳಿ ತುಂಬುತ್ತದೆ, ಇನ್ನೊಂದು ಒತ್ತಿದರೆ ಖಾಲಿಯಾಗುತ್ತದೆ. ಬಾಯಿಗೆ ಇಡುವುದು ರೆಗ್ಯುಲೇಟರ್. ಪಕ್ಕದಲ್ಲಿ ಹಳದಿ ಬಣ್ಣದ ಇನ್ನೊಂದು ಇರುತ್ತದೆ, ಅದು ಜೊತೆಗಾರರ ಗಾಳಿ ಮುಗಿದರೆ ಕೊಡಲು. ಗಾಳಿ ಎಷ್ಟಿದೆ ಅಂತ ಗೇಜ್ ತೋರಿಸುತ್ತದೆ. ಆಳ, ಸಮಯ, ಸಾರಜನಕದ ಲೆಕ್ಕ ಕೈಗೆ ಕಟ್ಟಿದ ಕಂಪ್ಯೂಟರ್‌ನದ್ದು. ಆ ಕಂಪ್ಯೂಟರ್ ಪ್ರತಿಯೊಬ್ಬರಿಗೂ ಬೇರೆಯೇ ಇರಬೇಕು. ಗೈಡ್ ಕೈಯಲ್ಲಿ ಇದೆಯಲ್ಲ ಅಂದರೆ ಆಗುವುದಿಲ್ಲ, ನೀವು ಅವರಿಗಿಂತ ಎರಡು ಮೀಟರ್ ಕೆಳಗೆ ಇದ್ದಿರಬಹುದು.

ಉಷ್ಣವಲಯದ ನೀರು 26ರಿಂದ 29 ಡಿಗ್ರಿ ಇದ್ದರೂ ವೆಟ್‌ಸೂಟ್ (ಮೈಗೆ ಬಿಗಿಯಾಗಿ ಕೂರುವ ರಬ್ಬರಿನಂಥ ಉಡುಪು) ಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. 3 ಮಿಲಿಮೀಟರ್ ದಪ್ಪದ್ದು ಸಾಕು. ಮೈತುಂಬ ಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಹಚ್ಚುವ ಜಾಗವೂ ಕಡಿಮೆಯಾಗುತ್ತದೆ. ಆಕ್ಸಿಬೆನ್‌ಝೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿ ಮಾಡಬಹುದು ಅನ್ನುವ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟಕ್ಕೆ ನಿಷೇಧವಿದೆ. ಪಲಾವು ದೇಶ 2020ರಲ್ಲೇ ನಿಷೇಧಿಸಿತು. ಕೈಗವಸು ಬೇಡ. ಗವಸು ಇದ್ದವರ ಕೈ ತಾನಾಗಿ ಹವಳದ ಮೇಲೆ ಹೋಗುತ್ತದೆ. ಹಲವು ಕಡೆ ಅದಕ್ಕೇ ನಿಷೇಧವೂ ಇದೆ.

ದೋಣಿಯ ಮೇಲೆ

ಸಲಕರಣೆ ಜೋಡಿಸಿದ ಮೇಲೆ ರೆಗ್ಯುಲೇಟರ್ ಬಾಯಿಗಿಟ್ಟು, ಗೇಜ್ ನೋಡುತ್ತಾ ನಾಲ್ಕೈದು ಸಲ ಉಸಿರಾಡಿ. ಮುಳ್ಳು ಅಲುಗಾಡಬಾರದು. ಪ್ರತಿ ಉಸಿರಿಗೂ ಅದು ಕೆಳಗೆ ಕುಸಿದು ಮತ್ತೆ ಏರುತ್ತಿದ್ದರೆ ಸಿಲಿಂಡರ್‌ನ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ದೋಣಿಯ ಮೇಲೆ ಗಾಳಿ ಸಲೀಸಾಗಿ ಬರುತ್ತದೆ, ಹತ್ತಾರು ಮೀಟರ್ ಕೆಳಗೆ ಹೋದ ಮೇಲೆ ಎಳೆದರೂ ಬರುವುದಿಲ್ಲ. ಗಾಳಿಗೆ ಎಣ್ಣೆಯ ವಾಸನೆಯೋ ಹೊಗೆಯ ರುಚಿಯೋ ಇದ್ದರೆ ಆ ಸಿಲಿಂಡರ್ ಬೇಡವೇ ಬೇಡ, ಬೇರೆ ಕೇಳಿ. ಒಳ್ಳೆಯ ಗಾಳಿಗೆ ವಾಸನೆ ಇರುವುದಿಲ್ಲ.

ಆಮೇಲೆ ಜೊತೆಗಾರರು ಪರಸ್ಪರ ತಪಾಸಣೆ ಮಾಡಿಕೊಳ್ಳಬೇಕು. ಕ್ರಮ ಹೀಗೆ:

1. ಬಿಸಿಡಿ: ಗಾಳಿ ತುಂಬುತ್ತದೆಯಾ, ಖಾಲಿಯಾಗುತ್ತದೆಯಾ.
2. ತೂಕದ ಬೆಲ್ಟ್ (ಮುಳುಗಲು ಸೊಂಟಕ್ಕೆ ಕಟ್ಟುವ ಭಾರ): ಇದೆಯಾ, ಒಂದೇ ಕೈಯಲ್ಲಿ ಬಿಚ್ಚಲು ಆಗುತ್ತದೆಯಾ.
3. ಬಕಲ್‌ಗಳು: ಎಲ್ಲ ಹಾಕಿದೆಯಾ. ಜೊತೆಗಾರರ ಬಕಲ್ ಹೇಗೆ ಬಿಚ್ಚುವುದು ಅಂತ ನಿಮಗೂ ಗೊತ್ತಿರಬೇಕು.
4. ಗಾಳಿ: ವಾಲ್ವ್ ಪೂರ್ತಿ ತೆರೆದಿದೆಯಾ, ಎಷ್ಟು ಬಾರ್ ಇದೆ, ಹಳದಿ ರೆಗ್ಯುಲೇಟರ್ ಎಲ್ಲಿದೆ.
5. ಮಾಸ್ಕ್, ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ), ಕಂಪ್ಯೂಟರ್.

ನೀರಿನಡಿ ಮಾತಿಲ್ಲ, ಹಾಗಾಗಿ ಸನ್ನೆಗಳನ್ನೂ ಇಲ್ಲೇ ಒಪ್ಪಂದ ಮಾಡಿಕೊಳ್ಳಿ. ಹೆಬ್ಬೆರಳು ಮೇಲೆ ಮಾಡಿದರೆ ‘ಮೇಲೆ ಹೋಗೋಣ’ ಅಂತ. ಹೊಸಬರು ‘ಚೆನ್ನಾಗಿದೆ’ ಅನ್ನಲು ಇದನ್ನೇ ತೋರಿಸುತ್ತಾರೆ, ಗೈಡ್ ಡೈವ್ ಮುಗಿಸಿ ಮೇಲೆ ಕರೆದುಕೊಂಡು ಬರುತ್ತಾರೆ. ‘ಸರಿ ಇದ್ದೇನೆ’ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಅಂಗೈ ಚಾಚಿ ಆ ಕಡೆ ಈ ಕಡೆ ಅಲ್ಲಾಡಿಸಿದರೆ ‘ಏನೋ ತೊಂದರೆ’. ಆಮೇಲೆ ತೊಂದರೆ ಇರುವ ಜಾಗ ತೋರಿಸಿ. ಕತ್ತಿನ ಮುಂದೆ ಕೈ ಅಡ್ಡ ಎಳೆದರೆ ‘ಗಾಳಿ ಮುಗಿದಿದೆ’.

ಇಳಿಯುವುದು

ದೊಡ್ಡ ದೋಣಿಯಿಂದ ಒಂದು ಉದ್ದನೆಯ ಹೆಜ್ಜೆ ಹಾಕಿ ಇಳಿಯುತ್ತಾರೆ, ಚಿಕ್ಕದರಿಂದ ಅಂಚಿನಲ್ಲಿ ಕೂತು ಬೆನ್ನ ಹಿಂದಕ್ಕೆ ಉರುಳುತ್ತಾರೆ. ಎರಡರಲ್ಲೂ ಬಿಸಿಡಿಯಲ್ಲಿ ಗಾಳಿ ಇರಲಿ, ಒಂದು ಕೈ ಮಾಸ್ಕ್ ಮತ್ತು ರೆಗ್ಯುಲೇಟರ್ ಮೇಲಿರಲಿ. ಬೀಳುವ ಜಾಗದಲ್ಲಿ ಯಾರೂ ಇಲ್ಲ ಅಂತ ನೋಡಿಕೊಳ್ಳಿ.

ಮೊದಲ ಸಲ ಹಗ್ಗ ಹಿಡಿದು ಇಳಿಯುವುದೇ ಒಳ್ಳೆಯದು. ಕಾಲು ಕೆಳಗೆ, ತಲೆ ಮೇಲೆ. ಬಿಸಿಡಿಯ ಕೊಳವೆಯನ್ನು ತಲೆಯ ಮೇಲಕ್ಕೆ ಎತ್ತಿ ಗಾಳಿ ಬಿಡಿ. ಆಮೇಲೆ ನಿಮ್ಮ ಉಸಿರನ್ನೂ ಪೂರ್ತಿ ಬಿಡಿ. ಹೊಸಬರಿಗೆ ಇಳಿಯಲು ಆಗದಿರುವುದಕ್ಕೆ ತೂಕ ಕಡಿಮೆ ಅನ್ನುವುದಕ್ಕಿಂತ ಎದೆಯಲ್ಲಿ ಉಸಿರು ತುಂಬಿಕೊಂಡಿರುವುದೇ ಹೆಚ್ಚಿನ ಸಲ ಕಾರಣ.

ಕಿವಿಯ ಕೆಲಸ ನೀರಿನ ಮೇಲಿದ್ದಾಗಲೇ ಶುರುವಾಗಬೇಕು. ಮೂಗು ಮುಚ್ಚಿ ಮೆಲ್ಲಗೆ ಊದಿ. ಕಿವಿಯಲ್ಲಿ ಸಣ್ಣ ‘ಟಕ್’ ಕೇಳಿಸುತ್ತದೆ. ಅರ್ಧ ಮೀಟರ್‌ಗೊಮ್ಮೆ, ಒಂದು ಮೀಟರ್‌ಗೊಮ್ಮೆ ಹೀಗೇ ಮಾಡುತ್ತಾ ಹೋಗಿ. ನೋವು ಬರುವವರೆಗೆ ಕಾಯಬಾರದು. ಬಂದರೆ ಅಲ್ಲಿಗೇ ನಿಲ್ಲಿಸಿ ಒಂದು ಮೀಟರ್ ಮೇಲೆ ಬನ್ನಿ, ಮತ್ತೆ ಪ್ರಯತ್ನಿಸಿ. ಜೋರಾಗಿ ಊದಬೇಡಿ, ಒಳಕಿವಿಗೆ ಕಾಯಂ ಪೆಟ್ಟಾಗಬಹುದು. ಮಾಸ್ಕ್ ಮುಖವನ್ನು ಹೀರಿದಂತೆ ಆದರೆ ಮೂಗಿನಿಂದ ಸ್ವಲ್ಪ ಗಾಳಿ ಒಳಗೆ ಬಿಡಿ. ಎಲ್ಲರೂ ಕೆಳಗೆ ಹೋಗಿದ್ದಾರೆ, ನನ್ನಿಂದ ತಡ ಆಗುತ್ತಿದೆ ಅಂತ ಅವಸರ ಮಾಡುವವರೇ ಕಿವಿ ಹಾಳು ಮಾಡಿಕೊಳ್ಳುತ್ತಾರೆ. ಕಾಯಲಿ ಬಿಡಿ, ಕಾಯುವುದು ಗೈಡ್ ಕೆಲಸ.

ತೇಲಿ ನಿಲ್ಲುವುದು

ಇದಕ್ಕೆ ತಳಪಾಯ ಸರಿಯಾದ ತೂಕ. ನೀರಿನ ಮೇಲೆ ನೆಟ್ಟಗೆ ನಿಂತು, ಬಿಸಿಡಿ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ತುಂಬಿಕೊಂಡು ಕ್ಷಣ ಸುಮ್ಮನಿರಿ. ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು. ಉಸಿರು ಬಿಟ್ಟರೆ ಮುಳುಗಬೇಕು. ಈ ಪರೀಕ್ಷೆಯನ್ನು ತುಂಬಿದ ಸಿಲಿಂಡರ್‌ನಲ್ಲಿ ಮಾಡಿದ್ದರೆ ಇನ್ನೆರಡು ಕಿಲೋ ಸೇರಿಸಿ. 200 ಬಾರ್ ಗಾಳಿಗೇ ಎರಡೂವರೆ ಕಿಲೋ ಹತ್ತಿರ ತೂಕ ಇರುತ್ತದೆ. ಅದು ಮುಗಿಯುತ್ತಾ ಬಂದಂತೆ ಅಲ್ಯೂಮಿನಿಯಂ ಸಿಲಿಂಡರ್ ತೇಲಲು ಶುರು ಮಾಡುತ್ತದೆ. ಕೊನೆಯಲ್ಲಿ 5 ಮೀಟರ್‌ನಲ್ಲಿ ನಿಲ್ಲಬೇಕಾದಾಗ ತೂಕ ಸಾಲದೆ ಮೇಲೆ ಎದ್ದುಬಿಟ್ಟೀರಿ.

ಹಾಗಂತ ಇರಲಿ ಅಂತ ಜಾಸ್ತಿ ತೂಕ ಕಟ್ಟಿಕೊಳ್ಳುವುದು ಇನ್ನೂ ಕೆಟ್ಟದ್ದು. ಸೊಂಟ ಕೆಳಗೆ ಜಗ್ಗುತ್ತದೆ, ಅದನ್ನು ಸರಿದೂಗಿಸಲು ಬಿಸಿಡಿಗೆ ಗಾಳಿ ತುಂಬುತ್ತೀರಿ, ಎದೆ ಮೇಲಾಗುತ್ತದೆ. ಮೈ ಓರೆಯಾಗಿ ಕಾಲು ಕೆಳಗಿಳಿದು ಫಿನ್ ಹವಳಕ್ಕೆ ಬಡಿಯುತ್ತದೆ. ದಿಬ್ಬದಲ್ಲಿ ಹವಳ ಮುರಿಯುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಿರುವುದಿಲ್ಲ, ಯಾಕೆಂದರೆ ಮುರಿಯುವುದು ಬೆನ್ನ ಹಿಂದೆ.

ಕೆಳಗೆ ಹೋದಂತೆ ವೆಟ್‌ಸೂಟ್ ಒತ್ತಿಕೊಂಡು ತೆಳುವಾಗುತ್ತದೆ, ನೀವು ಭಾರವಾಗುತ್ತೀರಿ. ಬಿಸಿಡಿಗೆ ಒಂದೊಂದು ಚಿಟಿಕೆ ಗಾಳಿ ಹಾಕಿ. ಗುಂಡಿ ಒತ್ತಿ ಹಿಡಿಯಬೇಡಿ. ಒತ್ತಿ, ಬಿಟ್ಟು, ಎರಡು ಉಸಿರಿನಷ್ಟು ಹೊತ್ತು ಕಾದು ನೋಡಿ. ಬಿಸಿಡಿಯ ಕೆಲಸ ಇಷ್ಟೇ. ಉಳಿದ ಸಣ್ಣ ಏರಿಳಿತ ಎಲ್ಲ ಶ್ವಾಸಕೋಶದ್ದು.

ಮೊದಲ ಅಭ್ಯಾಸ ಮರಳಿನ ಮೇಲೆ, ಹವಳದಿಂದ ದೂರ. ಮೈ ಮಲಗಿಸಿ, ಮಂಡಿ ಮಡಚಿ, ಫಿನ್ ಮೇಲಕ್ಕಿರಲಿ. ಕೈ ಎದೆಯ ಮುಂದೆ ಕಟ್ಟಿಕೊಳ್ಳಿ. ಕೈ ಬೀಸಿ ನಿಲ್ಲಲು ನೋಡಿದರೆ ಗಾಳಿ ಖರ್ಚಾಗುತ್ತದೆಯೇ ಹೊರತು ನಿಲ್ಲಲು ಆಗುವುದಿಲ್ಲ. ಈಗ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ಸೆಕೆಂಡ್ ಬಿಟ್ಟು ಮೈ ತಾನಾಗಿ ಏರಲು ತೊಡಗುತ್ತದೆ. ಬಿಸಿ ಹಾಲನ್ನು ಊದಿ ಆರಿಸುವ ಹಾಗೆ ಉದ್ದಕ್ಕೆ ಉಸಿರು ಬಿಡಿ. ಮತ್ತೆ ಒಂದೆರಡು ಸೆಕೆಂಡ್ ತಡವಾಗಿ ಇಳಿಯಲು ತೊಡಗುತ್ತೀರಿ. ಈ ತಡವನ್ನು ಅರಿತುಕೊಳ್ಳುವುದೇ ಕಲಿಕೆ. ಏರುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟರೆ ತಡವಾಯಿತು. ಏರಲು ತೊಡಗುವ ಮುಂಚೆಯೇ ಬಿಡಲು ಶುರು ಮಾಡಬೇಕು. ಎದುರಿಗೆ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಅದರ ನೇರಕ್ಕೆ ಕಣ್ಣು ನಿಲ್ಲಿಸಿ ಅಭ್ಯಾಸ ಮಾಡಿ. ಏರಿಳಿತ ಒಂದು ಅಡಿಯೊಳಗೆ ಬಂತು ಅಂದರೆ ದಿಬ್ಬದ ಹತ್ತಿರ ಹೋಗಬಹುದು.

ಫಿನ್ ಹೊಡೆಯುವುದು ಕಪ್ಪೆಯ ಹಾಗೆ, ಮಂಡಿ ಮಡಚಿ ಹಿಂದಕ್ಕೆ ತಳ್ಳುವ ರೀತಿ. ಕಾಲು ಮೇಲೆ ಕೆಳಗೆ ಬಡಿದರೆ ಮರಳು ಏಳುತ್ತದೆ. ಆ ಮರಳು ಹವಳದ ಮೇಲೆ ಕೂತರೆ, ಹವಳ ತನ್ನ ಶಕ್ತಿ ಖರ್ಚು ಮಾಡಿ ಲೋಳೆ ಸುರಿಸಿ ಅದನ್ನು ತೆಗೆಯಬೇಕು. ಗೇಜ್, ಹಳದಿ ರೆಗ್ಯುಲೇಟರ್ ಜೋತಾಡದಂತೆ ಬಿಸಿಡಿಗೆ ಸಿಕ್ಕಿಸಿ. ಇದಿಷ್ಟು ಕೈಗೂಡುವವರೆಗೆ ಕ್ಯಾಮೆರಾ ತರಬೇಡಿ. ಕ್ಯಾಮೆರಾ ಹಿಡಿದವರು ಮೀನು ನೋಡುತ್ತಾರೆ, ತಮ್ಮ ಕಾಲು ಎಲ್ಲಿದೆ ಅಂತ ನೋಡುವುದಿಲ್ಲ.

ದಿಬ್ಬದಲ್ಲಿ ಏನು ನೋಡಬೇಕು

ಹವಳ ಅಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ. ಪಾಲಿಪ್ ಅನ್ನುವ ಸಣ್ಣ ಸಣ್ಣ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬದುಕುವ ಊರು ಅದು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಬಿಸಿಲಿನಿಂದ ಆ ಪಾಚಿ ಮಾಡುವ ಆಹಾರವೇ ಹವಳಕ್ಕೆ ಮುಖ್ಯ ಊಟ, ಬಣ್ಣ ಕೊಡುವುದರಲ್ಲೂ ಅದರದ್ದೇ ದೊಡ್ಡ ಪಾಲು. ಕವಲೊಡೆಯುವ ಹವಳ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೆ ಬೆಳೆಯಬಹುದು. ಗುಂಡನೆಯ ದೊಡ್ಡ ಹವಳ ಬೆಳೆಯುವುದು ವರ್ಷಕ್ಕೆ 3 ಮಿಲಿಮೀಟರ್‌ನಿಂದ 2 ಸೆಂಟಿಮೀಟರ್. ಮಂಡಿ ಎತ್ತರದ ಒಂದು ಗುಂಡು ಹವಳ ನಿಮ್ಮ ಅಜ್ಜನಿಗಿಂತ ಹಿರಿಯದಿರಬಹುದು. ಸಮುದ್ರದ ತಳದಲ್ಲಿ ಶೇ 1ರಷ್ಟು ಜಾಗವನ್ನೂ ಆವರಿಸದ ಈ ದಿಬ್ಬಗಳನ್ನು ಸಮುದ್ರಜೀವಿಗಳ ಸುಮಾರು ಕಾಲು ಭಾಗ ಜಾತಿಗಳು ನೆಚ್ಚಿಕೊಂಡಿವೆ.

ಬೆಳ್ಳಗಾದ ಹವಳ ಕಂಡರೆ ಹತ್ತಿರದಿಂದ ನೋಡಿ. ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿ ಅಂದರೆ ಸತ್ತಿದೆ ಅಂತಲ್ಲ. ಮೇಲೆ ಪಾರದರ್ಶಕ ಪಾಲಿಪ್‌ಗಳು ಇನ್ನೂ ಕಂಡರೆ ಜೀವ ಇದೆ, ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಕಂದು ಬಣ್ಣದ ನಾರುಪಾಚಿ ಹಬ್ಬಿದ್ದರೆ ಆ ಭಾಗ ಹೋಗಿದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಇಂಥ ಬಿಳಿಚುವಿಕೆ ನಡೆಯುತ್ತಿದೆ ಅಂತ ಘೋಷಿಸಿದರು. ಇಂಥ ಹೊತ್ತಿನಲ್ಲಿ ನಮ್ಮ ಫಿನ್‌ನ ಒಂದು ಏಟೂ ಅದರ ಮೇಲೆ ಬೀಳಬಾರದು ಅನ್ನುವುದು ನನಗೆ ತುಂಬ ಮುಖ್ಯ.

ಮೊದಲ ಡೈವ್‌ಗಳಲ್ಲಿ ಎಲ್ಲರೂ ಓಡೋಡಿ ನೋಡುತ್ತಾರೆ. ಅದರ ಬದಲು ಒಂದು ಕಡೆ ಐದು ನಿಮಿಷ ನಿಲ್ಲಿ. ದೊಡ್ಡ ಮೀನುಗಳು ಸಾಲಾಗಿ ಸುಮ್ಮನೆ ನಿಂತಿರುವ ಜಾಗ ಕಂಡರೆ ಅದು ಶುಚಿ ಮಾಡಿಸಿಕೊಳ್ಳುವ ತಾಣ. ಕಪ್ಪು, ನೀಲಿ ಪಟ್ಟೆಯ, ಬೆರಳುದ್ದದ ಕ್ಲೀನರ್ ರಾಸ್ ಮೀನು ಬಾಲ ಕುಣಿಸುತ್ತಾ ಬರುತ್ತದೆ. ಅದನ್ನು ಒಂದೇ ತುತ್ತಿಗೆ ನುಂಗಬಲ್ಲ ಗ್ರೂಪರ್ ಮೀನು ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತದೆ. ಪುಟ್ಟ ಮೀನು ಬಾಯೊಳಗೆ ಹೋಗಿ ಪರಾವಲಂಬಿಗಳನ್ನು ಹೆಕ್ಕಿ ತಿಂದು ಕಿವಿರಿನಿಂದ ಹೊರಗೆ ಬರುತ್ತದೆ. ಎರಡು ಮೂರು ಮೀಟರ್ ದೂರದಲ್ಲಿ ನಿಂತು, ಗುಳ್ಳೆ ಮೆಲ್ಲಗೆ ಬಿಟ್ಟರೆ ಅವು ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುನ್ನುಗ್ಗಿದರೆ ಎಲ್ಲ ಚದುರಿಹೋಗುತ್ತವೆ.

ಕಿವಿಗೂ ಕೆಲಸ ಕೊಡಿ. ಕಟಕಟ ಅಂತ ಸದ್ದು ಕೇಳಿದರೆ ಅದು ಪ್ಯಾರಟ್‌ಫಿಶ್ ಹವಳದ ಕಲ್ಲು ಕೆರೆದು ಪಾಚಿ ತಿನ್ನುವುದು. ತಿಂದ ಸುಣ್ಣವನ್ನು ಅದು ಮರಳಾಗಿ ಹೊರಹಾಕುತ್ತದೆ. ದೊಡ್ಡದೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಸದ್ದು ಯಾವ ಕಡೆಯಿಂದ ಬಂತು ಅಂತ ಮಾತ್ರ ಗೊತ್ತಾಗುವುದಿಲ್ಲ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಎರಡೂ ಕಿವಿಗೆ ಒಟ್ಟಿಗೇ ಬಂದಂತೆ ಅನ್ನಿಸುತ್ತದೆ.

ಕಡಲಾಮೆ ಕಂಡರೆ ಬೆನ್ನಟ್ಟಬೇಡಿ, ಅದರ ಮೇಲ್ಗಡೆಯೂ ಹೋಗಬೇಡಿ. ಅದು ಉಸಿರಿಗಾಗಿ ಮೇಲೆ ಹೋಗಬೇಕು, ದಾರಿ ಬಿಡಿ. ದಿಬ್ಬದ ಶಾರ್ಕ್‌ಗಳು ಸಾಮಾನ್ಯವಾಗಿ ತಮ್ಮ ಪಾಡಿಗೆ ತಾವು ಹೋಗುತ್ತವೆ. ನಿಜವಾಗಿ ಎಚ್ಚರ ಬೇಕಾದದ್ದು ಅಲುಗಾಡದ ಜೀವಿಗಳ ಬಗ್ಗೆ. ಸ್ಟೋನ್‌ಫಿಶ್ ಥೇಟ್ ಕಲ್ಲಿನಂತೆಯೇ ಕೂತಿರುತ್ತದೆ, ಬೆನ್ನಿನ ಮುಳ್ಳಿನಲ್ಲಿ ಭಯಂಕರ ವಿಷ. ಲಯನ್‌ಫಿಶ್ ಮುಳ್ಳೂ ವಿಷದ್ದೇ. ಶಂಕು ಆಕಾರದ ಚೆಂದದ ಕೋನ್ ಶೆಲ್ ಬಸವನಹುಳು ಚುಚ್ಚಿದರೆ ಜೀವಕ್ಕೇ ಅಪಾಯ. ಫೈರ್ ಕೋರಲ್ ತಾಗಿದರೆ ಸುಟ್ಟಂತೆ ಉರಿಯುತ್ತದೆ. ಯಾವುದನ್ನೂ ಮುಟ್ಟದವರಿಗೆ ಇವುಗಳಿಂದ ಅಪಾಯ ತೀರಾ ಕಡಿಮೆ. ಮೀನಿನ ವಿಷದ ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, 30ರಿಂದ 90 ನಿಮಿಷ ಅದ್ದಿ ಇಡಬೇಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೇಲೆ ಬಿದ್ದು ಓಡಿಸುವ ಮೀನು ಒಂದಿದೆ: ಟೈಟನ್ ಟ್ರಿಗರ್‌ಫಿಶ್. ಮರಳಿನಲ್ಲಿ ಮೊಟ್ಟೆ ಇಟ್ಟ ಕಾಲದಲ್ಲಿ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಜಾಗವೆಲ್ಲ ತನ್ನದು ಅಂದುಕೊಂಡಿರುತ್ತದೆ. ಅದು ಬಂದರೆ ಮೇಲಕ್ಕೆ ಹೋಗಬೇಡಿ. ಅದರ ಕಡೆ ಫಿನ್ ಮಾಡಿಕೊಂಡು, ಅದೇ ಆಳದಲ್ಲಿ ಪಕ್ಕಕ್ಕೆ ಸರಿದು ದೂರ ಹೋಗಿ.

ಗಾಳಿ ಮತ್ತು ಸೆಳೆತ

ಗೇಜನ್ನು ಐದು ನಿಮಿಷಕ್ಕೊಮ್ಮೆಯಾದರೂ ನೋಡಿ. 20 ಮೀಟರ್‌ನಲ್ಲಿ ಗಾಳಿ ಖರ್ಚಾಗುವುದು ಮೇಲಿಗಿಂತ ಮೂರು ಪಟ್ಟು, 10 ಮೀಟರ್‌ನಲ್ಲಿ ಎರಡು ಪಟ್ಟು. ಅರ್ಧ ಆದಾಗ, ಅಂದರೆ 100 ಬಾರ್‌ಗೆ ಬಂದಾಗ ಗೈಡ್‌ಗೆ ತಿಳಿಸಿ. 50 ಬಾರ್ ಇರುವಾಗ ದೋಣಿ ಹತ್ತಿರ ಮೇಲೆ ಬಂದಿರಬೇಕು. ಡೈವ್ ಶುರುವಿನಲ್ಲಿ ಸೆಳೆತಕ್ಕೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಅದೇ ನಿಮ್ಮನ್ನು ವಾಪಸ್ ತರುತ್ತದೆ. ಸೆಳೆತ ಜೋರಾಗಿದ್ದರೆ ಅದರ ಜೊತೆ ಗುದ್ದಾಡಬೇಡಿ. ಗೈಡ್ ಹೇಳಿದ ಕಡೆ ಅದರ ಜೊತೆಗೇ ಸಾಗಿ, ದೋಣಿಯೇ ಹಿಂಬಾಲಿಸಿ ಬರುತ್ತದೆ. ಅದಕ್ಕೇ ಎಸ್‌ಎಂಬಿ ಅನ್ನುವ ಉದ್ದನೆಯ ಕಿತ್ತಳೆ ಬಣ್ಣದ ಗಾಳಿಚೀಲ ಜೊತೆಗಿರಬೇಕು. ಅಲೆಗಳ ನಡುವೆ ಬರೀ ತಲೆ ದೂರಕ್ಕೆ ಕಾಣುವುದಿಲ್ಲ.

ತೊಂದರೆಯಾದರೆ

ಏನೇ ಆಗಲಿ, ಮೊದಲು ನಿಲ್ಲಿ. ಉದ್ದಕ್ಕೆ ಉಸಿರು ಬಿಡಿ. ಆಮೇಲೆ ಯೋಚಿಸಿ, ಆಮೇಲೆ ಕೈ ಆಡಿಸಿ.

ಮಾಸ್ಕ್‌ಗೆ ನೀರು ನುಗ್ಗಿದರೆ ಮೇಲಿನ ಅಂಚನ್ನು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಗಾಳಿ ಬಿಡಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಬಾಯಿಂದ ರೆಗ್ಯುಲೇಟರ್ ಜಾರಿದರೆ ಬಾಯಿಂದ ಸಣ್ಣಗೆ ಗುಳ್ಳೆ ಬಿಡುತ್ತಾ ಇರಿ. ಬಲಕ್ಕೆ ವಾಲಿ, ಬಲಗೈಯನ್ನು ತೊಡೆಯಿಂದ ಹಿಂದಕ್ಕೆ ಚಾಚಿ ದೊಡ್ಡದಾಗಿ ಸುತ್ತು ಹಾಕಿ ಮುಂದೆ ತನ್ನಿ. ಕೊಳವೆ ಕೈ ಮೇಲೆ ಬೀಳುತ್ತದೆ. ಬಾಯಿಗಿಟ್ಟು ಮೊದಲು ಊದಿ ನೀರು ಹೊರಹಾಕಿ, ಆಮೇಲೆ ಎಳೆದುಕೊಳ್ಳಿ. ಗಾಳಿ ಮುಗಿದರೆ ಜೊತೆಗಾರರಿಗೆ ಸನ್ನೆ ಮಾಡಿ ಅವರ ಹಳದಿ ರೆಗ್ಯುಲೇಟರ್ ತೆಗೆದುಕೊಂಡು, ಇಬ್ಬರೂ ಕೈ ಹಿಡಿದು ಮೇಲೆ ಬನ್ನಿ. ಜೊತೆಗಾರರು ಕಾಣದಿದ್ದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನ ಮೇಲೆ ಬನ್ನಿ. ಅವರೂ ಹಾಗೇ ಮಾಡುತ್ತಾರೆ.

ಮೇಲೆ ಬರುವುದು

ನಿಮಿಷಕ್ಕೆ 9 ಮೀಟರ್‌ಗಿಂತ ವೇಗ ಬೇಡ. ನಿಮ್ಮದೇ ಅತಿ ಸಣ್ಣ ಗುಳ್ಳೆಗಳನ್ನು ದಾಟಿ ಹೋಗಬೇಡಿ. ಏರುವಾಗ ಬಿಸಿಡಿಯ ಗಾಳಿಯೂ ಹಿಗ್ಗುತ್ತದೆ, ಹಾಗಾಗಿ ಕೊಳವೆ ಎತ್ತಿ ಆಗಾಗ ಖಾಲಿ ಮಾಡುತ್ತಿರಬೇಕು. ಬಿಸಿಡಿಗೆ ಗಾಳಿ ತುಂಬಿ ಮೇಲೆ ಬರುವುದು ತಪ್ಪು, ಫಿನ್ ಹೊಡೆದು ಬರಬೇಕು. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ, ಸಾರಜನಕ ಹೊರಗೆ ಹೋಗಲು ಸಮಯ ಸಿಗಲಿ. ಇದಕ್ಕೇ ಸೇಫ್ಟಿ ಸ್ಟಾಪ್ ಅನ್ನುತ್ತಾರೆ. ಕೊನೆಯ 5 ಮೀಟರ್ ಎಲ್ಲಕ್ಕಿಂತ ನಿಧಾನ, ಒತ್ತಡ ಬೇಗ ಬದಲಾಗುವುದು ಅಲ್ಲೇ ಅಲ್ವಾ? ತಲೆ ಎತ್ತಿ, ಒಂದು ಕೈ ಮೇಲೆ ಚಾಚಿ, ಸುತ್ತ ತಿರುಗಿ ನೋಡುತ್ತಾ ಬನ್ನಿ, ದೋಣಿಯ ಸದ್ದಿಗೆ ಕಿವಿ ಕೊಡಿ. ನೀರಿನ ಮೇಲೆ ಬಂದ ಕೂಡಲೇ ಬಿಸಿಡಿಗೆ ಗಾಳಿ ತುಂಬಿ. ದೋಣಿ ಹತ್ತುವವರೆಗೆ ಮಾಸ್ಕ್ ಮತ್ತು ರೆಗ್ಯುಲೇಟರ್ ತೆಗೆಯಬೇಡಿ.

ಆಮೇಲೆ

ನೀರು ಜಾಸ್ತಿ ಕುಡಿಯಿರಿ. ಮದ್ಯ, ಭಾರೀ ವ್ಯಾಯಾಮ, ಸುಡುವ ಬಿಸಿನೀರಿನ ಸ್ನಾನ ಅವತ್ತು ಬೇಡ. ವಿಮಾನ ಹತ್ತುವ ವಿಷಯಕ್ಕೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಡೈವಿಂಗ್ ಸುರಕ್ಷತಾ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಪ್ರವಾಸದ ಕೊನೆಯ ದಿನವನ್ನು ಡೈವ್‌ಗೆ ಇಟ್ಟುಕೊಳ್ಳಬೇಡಿ. ಎತ್ತರದ ಬೆಟ್ಟ ಹತ್ತುವುದಕ್ಕೂ ಇದೇ ಎಚ್ಚರ ಬೇಕು.

ಕೀಲುನೋವು, ಜುಮುಗುಡುವುದು, ಚರ್ಮದ ಮೇಲೆ ನೀಲಿ-ಕೆಂಪು ಮಚ್ಚೆ, ತಲೆಸುತ್ತು, ಅಸಹಜ ಸುಸ್ತು: ಡೈವ್ ಆದ ಒಂದು ದಿನದೊಳಗೆ ಇವುಗಳಲ್ಲಿ ಯಾವುದು ಕಂಡರೂ ‘ನಿದ್ದೆ ಮಾಡಿದರೆ ಸರಿಹೋಗುತ್ತದೆ’ ಅನ್ನಬೇಡಿ. ಶುದ್ಧ ಆಮ್ಲಜನಕ ಕೊಡಿಸಿ, ಒತ್ತಡದ ಕೋಣೆಯ ಚಿಕಿತ್ಸೆ ಸಿಗುವ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಅದು ಎಲ್ಲಿದೆ ಅಂತ ಇಳಿಯುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಸಲಕರಣೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ರೆಗ್ಯುಲೇಟರ್ ತೊಳೆಯುವಾಗ ಅದರ ಮೊದಲ ಹಂತದ, ಅಂದರೆ ಸಿಲಿಂಡರ್‌ಗೆ ಕೂರುವ ಭಾಗದ ಬಾಯಿಗೆ ಮುಚ್ಚಳ ಹಾಕಿರಬೇಕು, ಒಳಗೆ ನೀರು ಹೋಗಬಾರದು. ಆಮೇಲೆ ಲಾಗ್‌ಬುಕ್ ಬರೆಯಿರಿ. ಯಾವ ಮೀನು ಕಂಡಿತು ಅನ್ನುವುದರ ಜೊತೆ ಕಟ್ಟಿದ ತೂಕ, ವೆಟ್‌ಸೂಟ್‌ನ ದಪ್ಪ, ಸಿಲಿಂಡರ್ ಅಲ್ಯೂಮಿನಿಯಂದೋ ಉಕ್ಕಿನದ್ದೋ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಎಷ್ಟು ಬಾರ್, ಸೇಫ್ಟಿ ಸ್ಟಾಪ್‌ನಲ್ಲಿ ತೇಲಿದಿರಾ ಮುಳುಗಿದಿರಾ ಅನ್ನುವುದನ್ನೂ ಬರೆದಿಡಿ. ಮುಂದಿನ ಸಲ ಬೇರೆ ದಿಬ್ಬಕ್ಕೆ ಹೋದಾಗ ‘ಎಷ್ಟು ಕಿಲೋ ಬೇಕು?’ ಅಂತ ಕೇಳುತ್ತಾರೆ. ಉತ್ತರ ಆ ಪುಟದಲ್ಲಿರುತ್ತದೆ.